ಇಷ್ಟೇ ಸ್ನಾಯು ಸಾಕು ಎನ್ನಲು ನೀವು ಯಾರು?

2025ರ ಮಾರ್ಚ್‌ನಲ್ಲಿ ಕರ್ನಾಟಕದ ಮದುವಣಗಿತ್ತಿಯೊಬ್ಬರ ವಿಡಿಯೊ ದೇಶದ ತುಂಬ ಹರಿದಾಡಿತು. ಹಳದಿ ಕಾಂಜೀವರಂ ಸೀರೆ, ಕೊರಳ ತುಂಬ ಚಿನ್ನ, ಸೊಂಟಕ್ಕೆ ಡಾಬು, ಜಡೆಗೆ ಹೂವು. ಎಲ್ಲವೂ ನಮ್ಮ ಮದುವೆಮನೆಗಳಲ್ಲಿ ಕಾಣುವಂಥದ್ದೇ. ಆದರೆ ಆಕೆ ದೇಹದಾರ್ಢ್ಯ ಪಟು. ರವಿಕೆ ತೊಡದೆ ಸೀರೆ ಉಟ್ಟಿದ್ದ ಅವರು ತೋಳು ಮಡಚಿ, ವರ್ಷಗಟ್ಟಲೆ ದುಡಿದು ಕಟ್ಟಿದ ಮೈಯನ್ನು ಕ್ಯಾಮೆರಾದ ಮುಂದೆ ಸಂಭ್ರಮದಿಂದ ತೋರಿಸಿದರು. ಹೆಮ್ಮೆಪಟ್ಟವರು ಬಹಳ ಮಂದಿ. ಇದು ಹೆಣ್ಣಿನ ಮೈಯೇ ಅಲ್ಲ ಎಂದು ಮೂಗು ಮುರಿದವರೂ ಕಡಿಮೆಯಿರಲಿಲ್ಲ. ತನ್ನ ಮದುವೆಯ ದಿನ ತನ್ನ ಮೈ ಹೇಗಿರಬೇಕೆಂಬ ಮಾತನ್ನೂ ಆಕೆ ಊರವರಿಂದ ಕೇಳಬೇಕಾಗಿ ಬಂತು.

ಬೀದಿಯ ಮಾತು ಹೀಗಿರುತ್ತದೆ ಎಂದು ಸುಮ್ಮನಾಗಬಹುದಿತ್ತು. ಆದರೆ ಹೆಣ್ಣಿನ ಸ್ನಾಯು ಇಷ್ಟಿದ್ದರೆ ಚೆಂದ, ಇದಕ್ಕಿಂತ ಹೆಚ್ಚಾದರೆ ಅಸಹ್ಯ ಎಂಬ ತೀರ್ಮಾನ ಬೀದಿಯಲ್ಲಿ ಮಾತ್ರ ಇಲ್ಲ. ಸ್ನಾಯು ನೋಡಿ ಪದಕ ಕೊಡುವ ಸ್ಪರ್ಧೆಗಳ ನಿಯಮ ಪುಸ್ತಕದಲ್ಲೇ ಅದು ದಶಕಗಳಿಂದ ಠಿಕಾಣಿ ಹೂಡಿದೆ. ಈ ನಿಯಮ ಅನ್ಯಾಯದ್ದು, ಅದು ಹೋಗಬೇಕು ಎಂಬುದು ನನ್ನ ವಾದ.

ಮಹಿಳಾ ದೇಹದಾರ್ಢ್ಯದ ಅತಿದೊಡ್ಡ ಪಟ್ಟವಾದ ಮಿಸ್ ಒಲಿಂಪಿಯಾ ಶುರುವಾದದ್ದು 1980ರಲ್ಲಿ, ಅಮೆರಿಕದಲ್ಲಿ. ಮೊದಲ ವಿಜೇತೆ ರೇಚಲ್ ಮೆಕ್ಲಿಶ್. ತೆಳ್ಳನೆಯ, ತಿದ್ದಿ ತೀಡಿದಂಥ ಮೈಕಟ್ಟು ಅವರದು. ಮೂರೇ ವರ್ಷದಲ್ಲಿ ಆಸ್ಟ್ರೇಲಿಯಾದಿಂದ ಬೆವ್ ಫ್ರಾನ್ಸಿಸ್ ಬಂದರು. ಪವರ್‌ಲಿಫ್ಟಿಂಗ್‌ನಲ್ಲಿ ವಿಶ್ವ ಚಾಂಪಿಯನ್, ಬೆಂಚ್ ಪ್ರೆಸ್‌ನಲ್ಲಿ 300 ಪೌಂಡ್ ದಾಟಿಸಿದ ಮೊದಲ ಮಹಿಳೆ. 1983ರಲ್ಲಿ ಲಾಸ್ ವೇಗಸ್‌ನ ಇನ್ನೊಂದು ಸ್ಪರ್ಧೆಯ ವೇದಿಕೆಯ ಮೇಲೆ ಅವರು ನಿಂತಾಗ ಅಂಥ ಭುಜ, ಅಂಥ ತೊಡೆ ಬೇರೆ ಯಾರಿಗೂ ಇರಲಿಲ್ಲ. ಸಿಕ್ಕಿದ್ದು ಎಂಟನೇ ಸ್ಥಾನ. 'ಪಂಪಿಂಗ್ ಐರನ್ 2: ದಿ ವಿಮೆನ್' ಎಂಬ ಸಾಕ್ಷ್ಯಚಿತ್ರ ತಯಾರಾದದ್ದು ಈ ಸ್ಪರ್ಧೆಯ ಸುತ್ತಲೇ. ಹೆಣ್ತನ ಎಂದರೇನು, ಅದನ್ನು ಎಷ್ಟು ಉಳಿಸಿಕೊಂಡರೆ ಅಂಕ ಕೊಡಬೇಕು ಎಂದು ತೀರ್ಪುಗಾರರು ತಮ್ಮತಮ್ಮಲ್ಲೇ ಜಗ್ಗಾಡುವುದನ್ನು ಅದರಲ್ಲಿ ಕಣ್ಣಾರೆ ನೋಡಬಹುದು. ಯಾವುದನ್ನು ಅಳೆಯಬೇಕೆಂದೇ ತೀರ್ಮಾನವಾಗದ ಸ್ಪರ್ಧೆಗೆ ಹೆಣ್ಣುಮಕ್ಕಳು ವರ್ಷಗಟ್ಟಲೆ ಬೆವರು ಸುರಿಸಿ ಬಂದಿದ್ದರು.

ಬೆವ್ ಮತ್ತೆ ಮತ್ತೆ ಬಂದರು. 1991ರ ಮಿಸ್ ಒಲಿಂಪಿಯಾದಲ್ಲಿ ಹಿಂದೆಂದಿಗಿಂತ ದೊಡ್ಡ ಮೈಯೊಂದಿಗೆ ನಿಂತು, ಲೆಂಡಾ ಮರ್ರೆ ಎದುರು ಕೂದಲೆಳೆಯ ಅಂತರದಲ್ಲಿ ಎರಡನೆಯವರಾದರು. ಇಷ್ಟು ದಪ್ಪ ಸ್ನಾಯುವಿನ ಹೆಣ್ಣು ಗೆಲುವಿನ ಬಾಗಿಲಿಗೆ ಬಂದದ್ದು ಕಂಡು ಅಂತರರಾಷ್ಟ್ರೀಯ ದೇಹದಾರ್ಢ್ಯ ಫೆಡರೇಷನ್‌ಗೆ ಗಾಬರಿಯಾಯಿತು. ಸ್ಪರ್ಧಿಗಳ ಮೈ ತೀರಾ ದೊಡ್ಡದಾಗಿರಕೂಡದು ಎಂಬ ಸೂಚನೆ ತೀರ್ಪುಗಾರರ ಕೈಸೇರಿತು. 1992ರ ಮಿಸ್ ಇಂಟರ್‌ನ್ಯಾಷನಲ್ ಸ್ಪರ್ಧೆಯಲ್ಲಿ ವಿಜೇತೆಗಿಂತ ದೊಡ್ಡ ಮೈಕಟ್ಟಿನ ಪೌಲಾ ಬರ್ಕಮ್‌ಶಾ ಅವರನ್ನು ಎಂಟನೇ ಸ್ಥಾನಕ್ಕೆ ತಳ್ಳಿದಾಗ ಸಭಾಂಗಣದ ಜನರೇ ರೊಚ್ಚಿಗೆದ್ದು ಕೂಗಾಡಿದರು. ಪ್ರೇಕ್ಷಕರಿಗೆ ಇಂಥ ಮೈ ಹಿಡಿಸುವುದಿಲ್ಲ ಎಂದು ಇಂದಿಗೂ ಹೇಳುವವರಿದ್ದಾರೆ. ಅವರು ಈ ಘಟನೆಯನ್ನೊಮ್ಮೆ ನೆನೆಯಲಿ. ದುಡ್ಡು ಕೊಟ್ಟು ನೋಡಲು ಬಂದವರು ಅಂದು ಕೂಗಿದ್ದು ತೀರ್ಪುಗಾರರ ವಿರುದ್ಧ, ಆಕೆಯ ವಿರುದ್ಧ ಅಲ್ಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. 2000ದಲ್ಲಿ ಬಂದ ಮಾರ್ಗಸೂಚಿಯಲ್ಲಿ ಮಹಿಳೆಯರ ಮುಖ, ಮೇಕಪ್, ಚರ್ಮದ ಕಾಂತಿಯನ್ನೂ ಅಂಕಕ್ಕೆ ಸೇರಿಸಲಾಯಿತು. 2004ರ ಡಿಸೆಂಬರ್‌ನಲ್ಲಿ ಇನ್ನೊಂದು ಸುತ್ತೋಲೆ: ಮಹಿಳಾ ಸ್ಪರ್ಧಿಗಳಲ್ಲಿ ಅಗತ್ಯವಿರುವವರು ತಮ್ಮ ಸ್ನಾಯುವನ್ನು ಶೇ 20ರಷ್ಟು ಇಳಿಸಬೇಕು. ಯಾವುದರ ಶೇ 20? ತೂಕದ್ದೋ, ತೋಳಿನ ಸುತ್ತಳತೆಯದೋ, ಕಳೆದ ವರ್ಷದ ಫೋಟೊದ್ದೋ? ಯಾರಿಗೆ ಅಗತ್ಯವೆಂದು ತೀರ್ಮಾನಿಸುವವರು ಯಾರು? ಅಳತೆಗೋಲೇ ಇಲ್ಲದ ನಿಯಮ ತೀರ್ಪುಗಾರರ ಕಣ್ಣಿನ ಮರ್ಜಿಗೆ ಕಾನೂನಿನ ಅಂಗಿ ತೊಡಿಸಿತು, ಅಷ್ಟೇ. ಪುರುಷರಿಗೆ ಇಂಥ ಸುತ್ತೋಲೆ ಹೋಗಲಿಲ್ಲ. ಅದೇ ವರ್ಷಗಳಲ್ಲಿ ಗಂಡಸರ ಮೈ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಹೋಯಿತು, ಪಟ್ಟವೂ ದೊಡ್ಡ ಮೈಗಳಿಗೇ ಸಿಗುತ್ತಿತ್ತು.

2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ನಮ್ಮ ಕರ್ಣಂ ಮಲ್ಲೇಶ್ವರಿ ಸ್ನ್ಯಾಚ್‌ನಲ್ಲಿ 110, ಕ್ಲೀನ್ ಅಂಡ್ ಜರ್ಕ್‌ನಲ್ಲಿ 130, ಒಟ್ಟು 240 ಕಿಲೊ ಎತ್ತಿ ಕಂಚು ತಂದರು. ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಹೆಂಗಸಾದ ನೀನು ಶೇ 20ರಷ್ಟು ಕಡಿಮೆ ಎತ್ತಿದ್ದರೆ ನೋಡಲು ಚೆನ್ನಾಗಿರುತ್ತಿತ್ತು ಎಂದು ಅಲ್ಲಿ ಯಾರಾದರೂ ಅಂಕ ಕಳೆದಿದ್ದರೆ ದೇಶವೇ ಸಿಡಿದೇಳುತ್ತಿತ್ತು. ಭಾರ ಎತ್ತುವ ಸ್ಪರ್ಧೆಯಲ್ಲಿ ಭಾರವೇ ಮಾನದಂಡ. ಹಾಗಿರುವಾಗ ಸ್ನಾಯುವಿನ ಸ್ಪರ್ಧೆಯಲ್ಲಿ ಸ್ನಾಯುವೇ ಅಪರಾಧವಾಗುವುದು ಯಾವ ನ್ಯಾಯ?

ಈ ವರ್ಷಗಳುದ್ದಕ್ಕೂ ಮಹಿಳೆಯರಿಗೆಂದು ಹೊಸ ಹೊಸ ವಿಭಾಗಗಳು ಹುಟ್ಟಿಕೊಂಡವು. ಒಲಿಂಪಿಯಾ ವೇದಿಕೆಗೆ 1995ರಲ್ಲಿ ಫಿಟ್‌ನೆಸ್, 2003ರಲ್ಲಿ ಫಿಗರ್, 2010ರಲ್ಲಿ ಬಿಕಿನಿ, 2013ರಲ್ಲಿ ಮಹಿಳಾ ಫಿಸಿಕ್ ಬಂದವು. ಬಗೆಬಗೆಯ ಮೈಕಟ್ಟಿಗೆ ಜಾಗ ಸಿಕ್ಕಿದ್ದು ಒಳ್ಳೆಯದೇ. ಬಿಕಿನಿ ವಿಭಾಗದ ಹುಡುಗಿಯ ಶ್ರಮವನ್ನು ನಾನು ಕೀಳು ಮಾಡುವುದಿಲ್ಲ. ಆದರೆ ನಿಯಮಗಳನ್ನು ಹತ್ತಿರದಿಂದ ನೋಡಿ. ದೇಹದಾರ್ಢ್ಯ ವಿಭಾಗದಲ್ಲಿ ಮುಂಭಾಗದ ಡಬಲ್ ಬೈಸೆಪ್ಸ್ ಭಂಗಿಗೆ ಮುಷ್ಟಿ ಬಿಗಿಯುತ್ತಾರೆ. ಮುಷ್ಟಿ ಬಿಗಿದಷ್ಟೂ ಮುಂಗೈಯಿಂದ ಭುಜದವರೆಗೆ ಹುರಿ ಎದ್ದು ನಿಲ್ಲುತ್ತದೆ. ಮಹಿಳಾ ಫಿಸಿಕ್‌ನಲ್ಲಿ ಅದೇ ಭಂಗಿಯನ್ನು ಅಂಗೈ ಬಿಚ್ಚಿ, ಬೆರಳು ಚಾಚಿ, ಒಂದು ಕಾಲನ್ನು ಪಕ್ಕಕ್ಕಿಟ್ಟು ತೋರಿಸಬೇಕು. ಮುಷ್ಟಿ ಕೂಡದು. ಫಿಗರ್, ಬಿಕಿನಿ ವಿಭಾಗಗಳಲ್ಲಿ ಎತ್ತರದ ಹಿಮ್ಮಡಿಯ ಚಪ್ಪಲಿ ಕಡ್ಡಾಯ, ಸ್ನಾಯು ಉಬ್ಬಿಸುವ ಭಂಗಿಗಳೇ ಇಲ್ಲ. ಮೈ ಕಟ್ಟು, ಆದರೆ ಅದರ ಬಲ ಎದುರಿಗಿದ್ದವರಿಗೆ ತಾಗದಂತೆ ನಿಲ್ಲು ಎಂಬುದು ಇದರ ತಾತ್ಪರ್ಯ.

ಒಂದೆಡೆ ಹೊಸ ವಿಭಾಗಗಳು ಬೆಳೆದರೆ ಇನ್ನೊಂದೆಡೆ ಮೂಲ ವಿಭಾಗಕ್ಕೇ ಕತ್ತರಿ ಬಿತ್ತು. ಅಮೆರಿಕದ ಕೊಲಂಬಸ್‌ನಲ್ಲಿ ನಡೆಯುತ್ತಿದ್ದ ಮಿಸ್ ಇಂಟರ್‌ನ್ಯಾಷನಲ್ 2014ರಲ್ಲಿ ಮಾಯವಾಯಿತು. ಮಿಸ್ ಒಲಿಂಪಿಯಾ ಕೂಡ ಆ ವರ್ಷದ ಬಳಿಕ ನಿಂತು, ಮರಳಿ ಬಂದದ್ದು 2020ರಲ್ಲಿ. ಹತ್ತು ಸಲ ಈ ಪಟ್ಟ ಗೆದ್ದ ಐರಿಸ್ ಕೈಲ್ ಹೆಸರು ಕ್ರೀಡಾಪುಟ ಓದುವ ಎಷ್ಟು ಜನರಿಗೆ ಗೊತ್ತು? 2022ರಲ್ಲಿ ಮಿಸ್ಟರ್ ಒಲಿಂಪಿಯಾ ಗೆದ್ದ ಪುರುಷನಿಗೆ 4 ಲಕ್ಷ ಡಾಲರ್ ಸಿಕ್ಕರೆ ಮಿಸ್ ಒಲಿಂಪಿಯಾಗೆ ಸಿಕ್ಕಿದ್ದು 50 ಸಾವಿರ. ಪ್ರಚಾರ ಕೊಡದೆ, ಹಣ ಕೊಡದೆ, ವೇದಿಕೆಯನ್ನೇ ಕಿತ್ತುಕೊಂಡು, ಆಮೇಲೆ ಮಾರುಕಟ್ಟೆಯೇ ಇಲ್ಲ ಎನ್ನುವುದು ಮೋಸದ ಮಾತು.

ನಮ್ಮ ದೇಶದಲ್ಲಿ ಇದಕ್ಕೆ ಧರ್ಮದ ಬಣ್ಣವೂ ಸೇರುತ್ತದೆ. 2023ರ ಮಾರ್ಚ್‌ನಲ್ಲಿ ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ದೇಹದಾರ್ಢ್ಯ ಸ್ಪರ್ಧೆ ನಡೆಯಿತು. ವೇದಿಕೆಯ ಮೇಲೆ ಹನುಮಂತನ ಮೂರ್ತಿ ಇತ್ತು. ಸ್ಪರ್ಧೆಯ ಉಡುಪಿನಲ್ಲಿ ಮಹಿಳೆಯರು ಅದರ ಮುಂದೆ ಭಂಗಿ ತೋರಿದ್ದೇ ದೊಡ್ಡ ಗದ್ದಲವಾಯಿತು. ಸಂಘಟಕರ ಸಾಲಿನಲ್ಲಿ ಬಿಜೆಪಿಯವರಿದ್ದರು. ಕಾಂಗ್ರೆಸ್ ಕಾರ್ಯಕರ್ತರು ಅಲ್ಲಿಗೆ ಹೋಗಿ ಗಂಗಾಜಲ ಚಿಮುಕಿಸಿ, ಹನುಮಾನ್ ಚಾಲೀಸಾ ಪಠಿಸಿ ಶುದ್ಧೀಕರಣ ಮಾಡಿದರು. ಎರಡೂ ಪಕ್ಷಗಳು ಪರಸ್ಪರ ಕೆಸರೆರಚಿಕೊಂಡವು. ನಡುವೆ ನಿಂತ ಆ ಕ್ರೀಡಾಪಟುಗಳು ಏನು ತಪ್ಪು ಮಾಡಿದ್ದರು? ಸ್ನಾಯು ಕಾಣದಿದ್ದರೆ ಅಂಕ ಕೊಡಲಾಗದು, ಅದಕ್ಕೇ ಆ ಉಡುಪು. ಪುರುಷರೂ ಚಡ್ಡಿಯಲ್ಲೇ ನಿಲ್ಲುತ್ತಾರೆ, ಅವರು ನಿಂತ ಜಾಗವನ್ನು ಯಾರೂ ತೊಳೆಯುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ತಾಲೀಮುಗಳಲ್ಲಿ ಪೈಲ್ವಾನರು ಲಂಗೋಟಿ ಬಿಗಿದು ಆಂಜನೇಯನಿಗೆ ಕೈಮುಗಿದೇ ಮಣ್ಣಿಗಿಳಿಯುವುದು. ಬಲದ ದೇವರ ಮುಂದೆ ಗಂಡಿನ ಬಲ ಭಕ್ತಿಯಾದರೆ ಹೆಣ್ಣಿನ ಬಲ ಮೈಲಿಗೆಯಾಗುವುದು ಹೇಗೆ? ಈ ಪ್ರಶ್ನೆಗೆ ಅಂದು ಯಾವ ಪಕ್ಷದ ಬಳಿಯೂ ನೇರ ಉತ್ತರ ಇರಲಿಲ್ಲ.

ಎದುರು ವಾದಗಳಲ್ಲಿ ಒಂದನ್ನು ಮಾತ್ರ ಗಂಭೀರವಾಗಿ ಎದುರಿಸಲೇಬೇಕು. ಅದು ಔಷಧದ ವಿಚಾರ. ಹೆಣ್ಣಿನ ದೇಹದಲ್ಲಿ ಟೆಸ್ಟೊಸ್ಟೆರಾನ್ ಗಂಡಿಗಿಂತ ಹಲವು ಪಟ್ಟು ಕಡಿಮೆ. ದೊಡ್ಡ ವೇದಿಕೆಗಳ ಕೆಲವು ಮೈಗಳು ಬರಿಯ ಊಟ, ವ್ಯಾಯಾಮದಿಂದ ಬಂದವಲ್ಲ ಎಂಬುದು ನಿಜ. ಸ್ಟೆರಾಯ್ಡ್ ಹೆಣ್ಣಿನಲ್ಲಿ ದನಿಯನ್ನು ಗಡಸಾಗಿಸುತ್ತದೆ, ಮುಟ್ಟನ್ನು ನಿಲ್ಲಿಸುತ್ತದೆ, ಮುಖದಲ್ಲಿ ಕೂದಲು ಬರಿಸುತ್ತದೆ. ಗಡಸಾದ ದನಿ ಸಾಮಾನ್ಯವಾಗಿ ಮೊದಲಿನಂತಾಗುವುದಿಲ್ಲ. ಪದಕದಾಸೆಗೆ ಹುಡುಗಿಯರ ತೊಡೆಗೆ ಇಂಜೆಕ್ಷನ್ ಚುಚ್ಚುವ ತರಬೇತುದಾರ ಅಪರಾಧಿ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ಸ್ಟೆರಾಯ್ಡ್ ಗಂಡಸರ ವೃಷಣವನ್ನು ಕುಗ್ಗಿಸುತ್ತದೆ, ಹೃದಯದ ಗೋಡೆಯನ್ನು ದಪ್ಪವಾಗಿಸುತ್ತದೆ, ಜೀವವನ್ನೂ ತೆಗೆಯುತ್ತದೆ. ಗಂಡಸರ ವಿಷಯದಲ್ಲಿ ಇದು ಆರೋಗ್ಯದ, ಡೋಪಿಂಗ್‌ನ ಪ್ರಶ್ನೆಯಾಗುತ್ತದೆ. ಹೆಂಗಸರ ವಿಷಯಕ್ಕೆ ಬಂದೊಡನೆ ಹೆಣ್ತನದ ಪ್ರಶ್ನೆಯಾಗುತ್ತದೆ. ಡೋಪಿಂಗ್ ತಡೆಯುವ ದಾರಿ ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ, ನಿಷೇಧ. ಮೇಕಪ್‌ಗೆ ಅಂಕ ಕೊಟ್ಟರೆ, ಅಂಗೈ ಬಿಚ್ಚಿಸಿದರೆ ಯಾವ ಔಷಧವೂ ಪತ್ತೆಯಾಗುವುದಿಲ್ಲ. ಕೊಬ್ಬು ಕರಗಿಸಲು ಕ್ಲೆನ್‌ಬುಟೆರಾಲ್‌ನಂಥ ನಿಷೇಧಿತ ಔಷಧ ನುಂಗಿದ ಸಪೂರ ಮೈ ಈ ನಿಯಮಗಳ ಮುಂದೆ ಸಲೀಸಾಗಿ ಪಾಸಾಗುತ್ತದೆ. ಏನೂ ಸೇವಿಸದೆ, ಹುಟ್ಟಿನಿಂದಲೇ ಒಳ್ಳೆಯ ಮೈಕಟ್ಟು ಪಡೆದು ದುಡಿದ ಹೆಣ್ಣುಮಗಳು ಅದೇ ನಿಯಮಗಳಿಂದ ಸೋಲುತ್ತಾಳೆ. ಹೆಣ್ಣುಮಕ್ಕಳ ಆರೋಗ್ಯದ ಕಾಳಜಿಯೇ ಇದರ ಹಿಂದಿದೆ ಎನ್ನುವುದನ್ನು ಒಪ್ಪಲು ನಾನು ತಯಾರಿಲ್ಲ.

ಕಾಳಜಿ ನಿಜವೇ ಆಗಿದ್ದರೆ ನೋಡಬೇಕಾದ ಅಂಕಿ ಬೇರೆಯೇ ಇದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರ ಸ್ಥಿತಿ ಇದೇ. ಮುಟ್ಟು ನಿಂತ ಮೇಲೆ ಮೂಳೆ ಸವೆದು, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವ ಅಜ್ಜಿಯಂದಿರು ಪ್ರತಿ ಊರಲ್ಲಿದ್ದಾರೆ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಗಂಡು ಹೆಣ್ಣು ಇಬ್ಬರಿಗೂ. ಆದರೂ ಜಿಮ್‌ಗೆ ಬಂದ ಹುಡುಗಿ ಕೇಳುವ ಮೊದಲ ಮಾತು, ತೂಕ ಎತ್ತಿದರೆ ಗಂಡಸರ ಥರ ಆಗಿಬಿಡ್ತೀನಾ? ನಾಲ್ಕು ಡಂಬೆಲ್ ಎತ್ತಿದ ಮಾತ್ರಕ್ಕೆ ಯಾರ ಮೈಯೂ ಹಾಗಾಗುವುದಿಲ್ಲ, ಅದಕ್ಕೆ ವರ್ಷಗಳ ಕಟ್ಟುನಿಟ್ಟಿನ ದುಡಿಮೆ ಬೇಕು. ವೇದಿಕೆಯ ಮೇಲಿನ ಹೆಣ್ಣನ್ನು ಹೀಗಳೆದಾಗಲೆಲ್ಲ ಈ ಹುಡುಗಿಯ ಭಯವೂ ಬೆಳೆಯುತ್ತದೆ.

ವೇದಿಕೆಯ ಮೇಲೆ ಮೈ ತೋರಿಸುವುದೇ ತಪ್ಪು, ಅದು ಹೆಣ್ಣನ್ನು ನೋಟದ ವಸ್ತುವಾಗಿಸುತ್ತದೆ ಎನ್ನುವ ಸ್ತ್ರೀವಾದಿ ಗೆಳತಿಯರೂ ಇದ್ದಾರೆ. ಅವರ ಆತಂಕವನ್ನು ನಾನು ಗೌರವಿಸುತ್ತೇನೆ. ಆದರೆ ನೋಡುವವರಿಗೆ ಇಷ್ಟವಾಗಲೆಂದು ಮೈ ಕುಗ್ಗಿಸಿಕೊಳ್ಳುವುದೂ, ನೋಡುವವರಿಗೆ ಇಷ್ಟವಾಗದಿದ್ದರೂ ತನಗೆ ಬೇಕಾದಂತೆ ಮೈ ಬೆಳೆಸುವುದೂ ಒಂದೇ ಅಲ್ಲ. ಕಟ್ಟಡ ಕೆಲಸದಲ್ಲಿ ತಲೆಯ ಮೇಲೆ ಕಾಂಕ್ರೀಟಿನ ಬಾಂಡ್ಲಿ ಹೊತ್ತು ಮೂರನೇ ಮಹಡಿ ಹತ್ತುವ ಯಾದಗಿರಿ, ರಾಯಚೂರಿನ ಹೆಣ್ಣುಮಗಳ ತೋಳಿನ ಹುರಿಯನ್ನು ಈ ಸಮಾಜ ಎಂದೂ ಅಸಹ್ಯವೆಂದಿಲ್ಲ. ಆ ತೋಳು ಬೇರೆಯವರ ಮನೆ ಕಟ್ಟುತ್ತದೆ. ಹೆಣ್ಣಿನ ಬಲ ಇನ್ನೊಬ್ಬರ ಚಾಕರಿಗೆ ಒದಗುವವರೆಗೆ ಯಾರ ತಕರಾರೂ ಇಲ್ಲ. ಅದು ಅವಳದೇ ಆದಾಗ, ಅವಳ ಸಂತೋಷಕ್ಕೆ, ಅವಳ ಹೆಸರಿಗೆ, ಅವಳ ಪದಕಕ್ಕೆ ಎಂದಾದಾಗ ಊರಿಗೆಲ್ಲ ಹೆಣ್ತನ ನೆನಪಾಗುತ್ತದೆ.

ಯಾರಿಗೂ ಈ ಮೈ ಇಷ್ಟವಾಗಲೇಬೇಕು ಎಂದು ನಾನು ಹೇಳುತ್ತಿಲ್ಲ. ಇಷ್ಟವಿಲ್ಲದವರು ನೋಡದಿರಲಿ. ಆದರೆ ಒಬ್ಬರ ಅಭಿರುಚಿ ಇನ್ನೊಬ್ಬರ ಸ್ಪರ್ಧೆಯ ನಿಯಮವಾಗಬಾರದು. ದೇಹದಾರ್ಢ್ಯ ಸಂಘಗಳು, ನಮ್ಮ ರಾಜ್ಯದ್ದೂ ಸೇರಿದಂತೆ, ಮಹಿಳಾ ವಿಭಾಗದ ಮಾನದಂಡಗಳನ್ನು ಬರೆದು ಪ್ರಕಟಿಸಲಿ. ಅದರಲ್ಲಿ ಮುಖ, ಮೇಕಪ್, ಹೆಣ್ತನ ಎಂಬ ಅಂಶಗಳು ಇರದಿರಲಿ. ಗಂಡು ಹೆಣ್ಣೆಂಬ ಭೇದವಿಲ್ಲದೆ ಪ್ರತಿ ವಿಜೇತರಿಗೂ ಡೋಪ್ ಪರೀಕ್ಷೆ ಆಗಲಿ, ಸಿಕ್ಕಿಬಿದ್ದವರ ತರಬೇತುದಾರರಿಗೂ ಶಿಕ್ಷೆಯಾಗಲಿ. ಬಹುಮಾನದ ಹಣ ಸಮನಾಗಲಿ. ಇಷ್ಟು ಮಾಡಲಾಗದಿದ್ದರೆ ಆ ಸ್ಪರ್ಧೆಗಳು ಮಹಿಳಾ ದೇಹದಾರ್ಢ್ಯ ಎಂಬ ಹೆಸರನ್ನು ಬಿಡಲಿ. ಸ್ನಾಯುವಿನ ಹೆಸರಲ್ಲಿ ಹೆಣ್ಣುಮಕ್ಕಳನ್ನು ಕರೆಸಿ, ಸ್ನಾಯು ಹೆಚ್ಚಾಯಿತೆಂದು ಸೋಲಿಸಿ ಕಳಿಸುವ ಹಕ್ಕು ಯಾರಿಗೂ ಇಲ್ಲ.