ಸೂಜಿ ಬದಲಾಯಿಸಿದ್ರೆ ಸಾಕಾ ಸ್ವಾಮಿ?

ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದ್ರೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್ನಿಗೋ ಹೋಗುವ ಸಣ್ಣ ಆಸ್ಪತ್ರೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಅದು ಹೆಚ್ಚಾಗಿ ವಯಸ್ಸಾದವರು ಇರುವ ಜಾಗ. ಅಷ್ಟೊಂದು ಆರೈಕೆ ಬೇಡದವರಿಗೆ 'ಅಸಿಸ್ಟೆಡ್ ಲಿವಿಂಗ್' ಅಂತ ಇನ್ನೊಂದು ಬಗೆ ಇದೆ. ಸ್ನಾನ, ಮಾತ್ರೆ, ಶುಗರ್ ಟೆಸ್ಟು ಇವಕ್ಕೆಲ್ಲ ಅಲ್ಲಿನ ಸಿಬ್ಬಂದಿ ನೆರವಾಗ್ತಾರೆ. ನನ್ನ ತಕರಾರು ಈ ಶುಗರ್ ಟೆಸ್ಟಿನ ಬಗ್ಗೆ.

2010ರಲ್ಲಿ ನಾರ್ತ್ ಕೆರೊಲಿನಾದ ಇಂಥದೊಂದು ಮನೆಯಲ್ಲಿ ಎಂಟು ಜನರಿಗೆ ಹೆಪಟೈಟಿಸ್ ಬಿ ತಗುಲಿತು. ಎಂಟರಲ್ಲಿ ಆರು ಜನ ತೀರಿಕೊಂಡರು. ಎಂಟೂ ಜನ ಸಿಬ್ಬಂದಿಯ ಕೈಲಿ ಶುಗರ್ ನೋಡಿಸಿಕೊಳ್ಳುತ್ತಿದ್ದವರು. ತನಿಖೆಯಲ್ಲಿ ಸಿಕ್ಕಿದ್ದೇನು ಅಂತೀರಿ? ಒಬ್ಬರಿಗೇ ಮೀಸಲಿರಬೇಕಾದ, ಬೆರಳು ಚುಚ್ಚುವ ಪೆನ್ನನ್ನು ಹಲವರಿಗೆ ಬಳಸಿದ್ದರು. ಗ್ಲುಕೋಮೀಟರನ್ನೂ ಶುಚಿ ಮಾಡದೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿದ್ದರು. ಅಷ್ಟೇ.

ಇಂಥದ್ದು ನಡೆದಾಗಲೆಲ್ಲ 'ಸಿಬ್ಬಂದಿಯ ಅಜಾಗರೂಕತೆ' ಅಂತ ಷರಾ ಬರೆದು ಮುಗಿಸೋರು ಇರ್ತಾರೆ. ನಾನು ಒಪ್ಪಲ್ಲ. ನಮ್ಮ ಸಾಫ್ಟ್‌ವೇರಿನಲ್ಲೂ ಇದೇ ಚಾಳಿ. ಪ್ರೋಗ್ರಾಮ್ ಕೈಕೊಟ್ರೆ 'ಯೂಸರ್ ಎರರ್' ಅಂತ ಬರೆದು ಬಗ್ ಕ್ಲೋಸ್ ಮಾಡ್ತೀವಿ. ಆರು ತಿಂಗಳಿಗೆ ಅದೇ ಬಗ್ ಇನ್ನೊಬ್ಬ ಕಸ್ಟಮರ್ ಹತ್ರ ಎದ್ದು ಕೂರುತ್ತೆ.

ಈ ಬಗ್ ಎಷ್ಟು ಹಳೇದು ಗೊತ್ತಾ? 1990ರಲ್ಲೇ ಅಮೆರಿಕದ ಸಿಡಿಸಿ ಕ್ಯಾಲಿಫೋರ್ನಿಯಾದ ಒಂದು ಆಸ್ಪತ್ರೆಯ ಪ್ರಕರಣ ಪ್ರಕಟಿಸಿತ್ತು. ಅಲ್ಲೂ ಸ್ಪ್ರಿಂಗ್ ಪೆನ್ನು, ಅಲ್ಲೂ ಹೆಪಟೈಟಿಸ್ ಬಿ. ಸೂಜಿಯ ಜೊತೆಗೆ ಬೆರಳಿಗೆ ತಾಗುವ ಮುಂಭಾಗವನ್ನೂ ಪ್ರತಿ ಸಲ ಬಿಸಾಡಬೇಕಿತ್ತು, ಅದನ್ನು ಬಿಸಾಡಿರಲಿಲ್ಲ. 2005ರಲ್ಲಿ ಮತ್ತೊಂದು ವರದಿ: ಮಿಸಿಸಿಪಿ, ನಾರ್ತ್ ಕೆರೊಲಿನಾ, ಲಾಸ್ ಏಂಜಲೀಸ್ ಕೌಂಟಿಯ ವೃದ್ಧರ ಮನೆಗಳಲ್ಲಿ ಇದೇ ಟೆಸ್ಟಿನಿಂದ ಇದೇ ಸೋಂಕು. ಅಷ್ಟಾದ ಮೇಲೂ 2010. ಇಪ್ಪತ್ತು ವರ್ಷ ಗೊತ್ತಿದ್ದೂ ಸರಿಪಡಿಸದೇ ಇದ್ದದ್ದಕ್ಕೆ ಅಜಾಗರೂಕತೆ ಅನ್ನೋ ಸಣ್ಣ ಹೆಸರು ಸಾಲದು.

ಈ ವೈರಸ್ಸು ಮಹಾ ಗಟ್ಟಿ ಪಿಂಡ. ಮೈಯಿಂದ ಹೊರಗೆ ಬಿದ್ದ ಮೇಲೂ ಕನಿಷ್ಠ ಏಳು ದಿನ ಬದುಕಿರುತ್ತೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು ಇನ್ನೊಬ್ಬರಿಗೆ ದಾಟೋಕೆ. ರೋಗ ಕಾಣಿಸಿಕೊಳ್ಳೋದು ಒಂದರಿಂದ ಆರು ತಿಂಗಳಾದ ಮೇಲೆ, ಅಷ್ಟರಲ್ಲಿ ಯಾವ ಸೂಜಿ ಯಾವ ಪೆನ್ನು ಅಂತ ಯಾರಿಗೆ ನೆನಪಿರುತ್ತೆ? ಊಟ ಸೇರ್ತಿಲ್ಲ, ಸುಸ್ತು ಅಂದ್ರೆ ಎಪ್ಪತ್ತೈದು ದಾಟಿದವರಿಗೆ ಸಿಗೋ ಉತ್ತರ ಒಂದೇ, 'ವಯಸ್ಸಾಯ್ತಲ್ಲ'.

ಲಸಿಕೆ ಇಲ್ವಾ ಅಂತ ಕೇಳಬಹುದು. ಇದೆ. ಇಂಥ ಪ್ರಕರಣಗಳನ್ನು ನೋಡಿಯೇ 2011ರಲ್ಲಿ ಅಲ್ಲಿನ ಲಸಿಕೆ ಸಲಹಾ ಸಮಿತಿ, ಸಕ್ಕರೆ ಕಾಯಿಲೆಯವರಿಗೆ ಹೆಪಟೈಟಿಸ್ ಬಿ ಲಸಿಕೆ ಕೊಡಿ ಅಂತು. ಯಾರಿಗೆ? 19ರಿಂದ 59 ವರ್ಷದವರಿಗೆ! ಅರವತ್ತು ದಾಟಿದವರ ವಿಷಯ ವೈದ್ಯರ ವಿವೇಚನೆಗೆ. ವಯಸ್ಸಾದಂತೆ ಲಸಿಕೆ ಸರಿಯಾಗಿ ಹತ್ತೋದಿಲ್ಲ ಅನ್ನೋದು ಕಾರಣ. ಕಾರಣ ಸುಳ್ಳಲ್ಲ, ಒಪ್ಪೋಣ. ಆದ್ರೆ ಲಸಿಕೆಯ ಆಸರೆ ಕಡಿಮೆ ಇರೋರ ಮನೆಯಲ್ಲೇ ತಾನೇ ಪೆನ್ನಿನ ವಿಷಯದಲ್ಲಿ ಹೆಚ್ಚು ಬಿಗಿ ಇರಬೇಕಾದ್ದು?

ದಾರಿ ಇಲ್ಲದೇ ಏನೂ ಇಲ್ಲ. ಒಂದು ಸಲ ಚುಚ್ಚಿದರೆ ಸೂಜಿ ತಾನೇ ಒಳಗೆ ಸೇರಿಕೊಂಡು, ಮತ್ತೆ ಚುಚ್ಚೋಕೇ ಬಾರದಂಥ ಲ್ಯಾನ್ಸೆಟ್‌ಗಳಿವೆ. ತಪ್ಪು ಮಾಡೋಣ ಅಂದ್ರೂ ಮಾಡೋಕೆ ಬಿಡದ ಡಿಸೈನು. ಬೆಳಗ್ಗೆ ತಿಂಡಿಗೆ ಮುಂಚೆ ಹತ್ತಾರು ಬೆರಳು ಚುಚ್ಚಿ ಮುಗಿಸಬೇಕಾದ ಆಯಾ ಕೈಗೆ ಹಲವರಿಗೆ ಓಡುವ ಪೆನ್ನು ಕೊಟ್ಟು, ಆಮೇಲೆ ಅವಳನ್ನೇ ಬೈಯೋದು ಯಾವ ನ್ಯಾಯ?

ಇಷ್ಟೆಲ್ಲ ಓದಿ ಊರಿಗೆ ಹೋದ್ರೆ ನಮ್ಮನೆಯಲ್ಲೇ ಅಜ್ಜಿಗೂ ಚಿಕ್ಕಜ್ಜನಿಗೂ ಒಂದೇ ಪೆನ್ನು, ಒಂದೇ ಮೀಟರು! ಕೇಳಿದ್ರೆ ಅಮ್ಮ, "ಸೂಜಿ ಹೊಸದು ಹಾಕಿದೀನಲ್ಲೋ" ಅಂದ್ರು. ಮಾರನೇ ದಿನವೇ ಇನ್ನೊಂದು ಸೆಟ್ ತಂದೆ. ಅಜ್ಜಿಯ ಪೆನ್ನಿಗೆ ಕೆಂಪು ದಾರ ಕಟ್ಟಿದೀನಿ. ದುಡ್ಡು ದಂಡ ಅಂತ ಚಿಕ್ಕಜ್ಜ ಇನ್ನೂ ಗೊಣಗ್ತಾ ಇದ್ದಾರೆ...