ಬೆಂಡು ಬಿಚ್ಚುವ ಹೊತ್ತು

ಈಜು ಕಲಿಸುವ ವಿಷಯದಲ್ಲಿ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಒಂದು ಹಳೆಯ ವಿವೇಕವಿದೆ. ಹುಡುಗನ ಸೊಂಟಕ್ಕೆ ಬೆಂಡು ಕಟ್ಟಿ, ಹಗ್ಗದ ತುದಿಯನ್ನು ಹಿರಿಯನೊಬ್ಬನು ಹಿಡಿದು, ಬಾವಿಗೆ ಇಳಿಸುತ್ತಾರೆ. ಕೆಲವು ದಿನಗಳಲ್ಲಿ ಹಗ್ಗ ಸಡಿಲವಾಗುತ್ತದೆ. ಆಮೇಲೆ ಬೆಂಡೂ ಹೋಗುತ್ತದೆ. ಹುಡುಗನಿಗೆ ಬೇಸರವಾಯಿತೆಂದು ಯಾರೂ ಬೆಂಡು ಬಿಚ್ಚುವುದಿಲ್ಲ. ಅವನ ಕೈಕಾಲು ಪಳಗಿದುದನ್ನು ಕಂಡ ಮೇಲೆಯೇ ಬಿಚ್ಚುತ್ತಾರೆ.

ಜೇವರ್ಗಿ ತಾಲೂಕಿನ ಅಂದೋಲಾ ಕಡಲಿನಿಂದ ನೂರಾರು ಕಿಲೋಮೀಟರು ದೂರದ ಊರು. ಅಂಥ ಊರಿನ ತರುಣನೂ ಇಂದು ಭಟ್ಕಳ ತಾಲೂಕಿನ ಮುರುಡೇಶ್ವರಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಸಮುದ್ರದೊಳಕ್ಕೆ ಇಳಿಯಬಲ್ಲ. ಬಾವಿಯ ಪ್ರಶ್ನೆಯೇ ಅಲ್ಲಿಯೂ ಅವನಿಗೆ ಎದುರಾಗುತ್ತದೆ: ಗೈಡಿನ ಹಿಂದೆ ಗುಂಪಾಗಿ ಹೋಗಬೇಕೋ, ತನ್ನ ಯೋಜನೆಯಂತೆ ತಾನು ಹೋಗಬೇಕೋ?

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಸ್ಕೂಬಾ ದೋಣಿಗಳು ಅತ್ತ ಹೊರಡುತ್ತವೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಚಿತ್ರಕ್ಕಾಗಿ ಪುನೀತ್ ರಾಜ್‌ಕುಮಾರ್ ಮುಳುಗಿದ್ದು ಈ ನೀರಿನಲ್ಲಿಯೇ. ಫ್ರಾನ್ಸಿನ ಕುಸ್ತೋ ಮತ್ತು ಗನ್ಯಾನ್ ಎಂಬಿಬ್ಬರು 1943ರಲ್ಲಿ ರೂಪಿಸಿದ ಉಸಿರಾಟದ ಸಾಧನವು, ಹಿಂದೆ ನೌಕಾಪಡೆಯವರಿಗೂ ಮುತ್ತು ತೆಗೆಯುವವರಿಗೂ ಮೀಸಲಾಗಿದ್ದ ಲೋಕವನ್ನು ಹೀಗೆ ಸಾಮಾನ್ಯರಿಗೂ ತೆರೆದಿತು.

ಮೊದಲ ಸಲ ಮುಳುಗುವವನಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಅವನು ಶಿಕ್ಷಕನ ಕೈಯಳತೆಯಲ್ಲಿ, 12 ಮೀಟರಿನ ಒಳಗೇ ಇರತಕ್ಕವನು. ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದವನು ಮಾತ್ರ ಜೊತೆಗಾರನೊಬ್ಬನೊಡನೆ 18 ಮೀಟರಿನವರೆಗೆ ತಾನೇ ಹೋಗಬಹುದು. ಚರ್ಚೆ ಹುಟ್ಟುವುದು ಇಂಥವನನ್ನೂ ಗುಂಪಿಗೆ ಸೇರಿಸಿದಾಗ.

ಅವನ ಅಸಮಾಧಾನಕ್ಕೆ ಆಧಾರವಿದೆ. ಲೆಕ್ಕ ಹಾಕಿ ನೋಡಬಹುದು. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿದರೆ ಅದು ಸುಮಾರು 2,200 ಲೀಟರು. ಆಪತ್ತಿಗೆಂದು 50 ಬಾರ್ ಉಳಿಸಿದರೆ ಬಳಕೆಗೆ ಸಿಕ್ಕುವುದು 1,650 ಲೀಟರು. ಹತ್ತು ಮೀಟರಿನ ಆಳದಲ್ಲಿ ಒತ್ತಡ ಎರಡರಷ್ಟಾಗುವುದರಿಂದ ಗಾಳಿಯೂ ಎರಡರಷ್ಟು ಬೇಕು. ದಡದಲ್ಲಿ ನಿಮಿಷಕ್ಕೆ 15 ಲೀಟರು ಉಸಿರಾಡುವ ಶಾಂತನಿಗೆ ಅಲ್ಲಿ 55 ನಿಮಿಷ ಸಿಕ್ಕರೆ, ಅಂಜಿಕೆಯಿಂದ 25 ಲೀಟರು ಎಳೆಯುವವನಿಗೆ 33 ನಿಮಿಷ ಮಾತ್ರ. ಗುಂಪು ಒಟ್ಟಿಗೆ ಮೇಲೇರಬೇಕಾದರೆ ಮೊದಲನೆಯವನು 22 ನಿಮಿಷಗಳನ್ನು ಎರಡನೆಯವನಿಗಾಗಿ ಬಿಟ್ಟುಕೊಡಬೇಕಾಗುತ್ತದೆ. ಬಂಡೆಯ ಸಂದಿಯಲ್ಲಿ ಅಡಗಿದ ಮೀನೊಂದನ್ನು ಕಣ್ತುಂಬ ನೋಡುವಷ್ಟರಲ್ಲಿಯೇ ಗೈಡು ಮುಂದೆ ಸಾಗಿರುತ್ತಾನೆ.

ಆದರೆ ಗೈಡಿನ ತಿಳಿವಳಿಕೆಯನ್ನು ಹಣ ಕೊಟ್ಟ ಮಾತ್ರಕ್ಕೆ ಕಡೆಗಣಿಸಲಾಗದು. ಆ ಹೊತ್ತಿನ ಸೆಳವು ಯಾವ ಕಡೆಗಿದೆ, ದೋಣಿ ಎಲ್ಲಿ ನಿಂತಿದೆ, ಯಾವ ಬಂಡೆಯ ಆಚೆ ಆಳ ಹಠಾತ್ತನೆ ಹೆಚ್ಚುತ್ತದೆ ಎಂಬುದನ್ನು ಅವನು ನಿತ್ಯದ ರೂಢಿಯಿಂದ ಅರಿತಿರುತ್ತಾನೆ. ಅಪರಿಚಿತ ನೀರಿನಲ್ಲಿ ಈ ಅರಿವಿಗೆ ಬದಲಿಯಿಲ್ಲ.

ತನ್ನ ಯೋಜನೆಯಂತೆ ಮುಳುಗುವುದೆಂದರೆ ಮನಸ್ಸು ಬಂದತ್ತ ತೇಲುವುದೆಂದು ತಿಳಿದವರಿದ್ದಾರೆ. ವಾಸ್ತವದಲ್ಲಿ ಅದು ಹೆಚ್ಚಿನ ಕಟ್ಟುಪಾಡು. ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ಗಾಳಿ ಉಳಿದಾಗ ಹಿಂದಿರುಗುವುದು, ಜೊತೆಗಾರ ಕಣ್ಮರೆಯಾದರೆ ಏನು ಮಾಡುವುದು ಎಂಬುದೆಲ್ಲ ದೋಣಿಯಲ್ಲಿಯೇ ನಿಶ್ಚಯವಾಗಬೇಕು. ಮೇಲೇರುವಾಗ ಉಸಿರು ಬಿಗಿಹಿಡಿಯಕೂಡದು. ನಿಮಿಷಕ್ಕೆ 9 ಮೀಟರಿಗಿಂತ ವೇಗವೂ ಕೂಡದು. ದಡ ಸೇರುವ ಮುನ್ನ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕವು ಅವಸರದಲ್ಲಿ ಮೇಲೆದ್ದವನ ದೇಹದಲ್ಲಿ ಗುಳ್ಳೆಗಟ್ಟುತ್ತದೆ. ಹಂತ ಹಂತವಾಗಿ ಏರುವ ಕೋಷ್ಟಕವನ್ನು ಹಾಲ್ಡೇನ್ ಎಂಬ ವಿಜ್ಞಾನಿಯು ಆಡುಗಳ ಮೇಲೆ ಪ್ರಯೋಗ ನಡೆಸಿ 1908ರಲ್ಲಿ ಪ್ರಕಟಿಸಿದ್ದು ಈ ಕಾರಣಕ್ಕಾಗಿಯೇ.

ಇವೆರಡು ಪಕ್ಷಗಳ ನಡುವೆ ನಿಜವಾದ ಅಪಾಯಕ್ಕೆ ಒಳಗಾಗುವವನು ಮೂರನೆಯವನು. ಅವನು ತರಬೇತಿ ಪಡೆದಿದ್ದಾನೆ. ಆದರೆ ಗೈಡು ಮುಂದಿರುವನೆಂಬ ಧೈರ್ಯದಿಂದ ತನ್ನ ಗಾಳಿಯ ಮಾಪಕವನ್ನು ನೋಡುವುದನ್ನೇ ಬಿಟ್ಟಿದ್ದಾನೆ. ಗೈಡಿನ ಮಾಪಕ ಗೈಡಿನ ಗಾಳಿಯನ್ನು ತೋರಿಸೀತೇ ಹೊರತು ಹಿಂಬಾಲಕನದನ್ನಲ್ಲ. ಹತ್ತು ಬಾರಿ ಹೀಗೆ ಬೆನ್ನು ನೋಡಿಕೊಂಡೇ ಮುಳುಗಿದವನ ಪುಸ್ತಕದಲ್ಲಿ ಹತ್ತು ದಾಖಲೆಗಳಿರಬಹುದು. ಆದರೆ ಅವನ ಅನುಭವ ಒಂದೇ ಬಾರಿಯದು. ನೀರು ಕಲಕಿ ಗೈಡು ಕಾಣದಾದ ದಿನ ಈ ಕೊರತೆ ಪ್ರಾಣಕ್ಕೆ ಬಂದೀತು.

ಆದುದರಿಂದ ಮಗನನ್ನೋ ಮಗಳನ್ನೋ ಈ ಸಾಹಸಕ್ಕೆ ಕಳುಹುವ ತಂದೆತಾಯಿಗಳು ಶುಲ್ಕವನ್ನಷ್ಟೇ ಕೇಳಿ ಸುಮ್ಮನಾಗಬಾರದು. ಒಬ್ಬ ಗೈಡಿಗೆ ಎಷ್ಟು ಜನ, ಹೊಸಬರನ್ನೂ ಅನುಭವಿಗಳನ್ನೂ ಬೇರೆ ಬೇರೆ ಗುಂಪು ಮಾಡುವರೇ ಎಂದು ಮೊದಲು ವಿಚಾರಿಸಬೇಕು. ಇನ್ನು ಮುಳುಗುವವನು ಗೈಡಿನ ಹಿಂದೆ ಹೋಗುವಾಗಲೂ, ಆ ದಿನ ಗೈಡು ಇಲ್ಲವೆಂಬಂತೆಯೇ ಆಳವನ್ನು, ವೇಳೆಯನ್ನು, ಗಾಳಿಯನ್ನು ತಾನೇ ಎಣಿಸಿಕೊಳ್ಳಲಿ. ಆ ಎಣಿಕೆ ರೂಢಿಯಾದವನು ಜೊತೆಗಾರನೊಡನೆ ಸ್ವತಂತ್ರವಾಗಿ ಇಳಿಯಲು ಅರ್ಹ. ಅದು ರೂಢಿಯಾಗದವನಿಗೆ ಸೊಂಟದ ಬೆಂಡೇ ಕ್ಷೇಮ.