ಬೇಲಿ ಕಾಯುವವರಿಗೆ ಒಂದು ಮಾತು

೨೦೨೪ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ ಸಂದಾಗ, ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಭೌತಶಾಸ್ತ್ರದ ಮಿತ್ರರೊಬ್ಬರು ಕೆರಳಿದರು. "ಯಂತ್ರಕ್ಕೆ ಬುದ್ಧಿ ಕಲಿಸುವುದು ಕಂಪ್ಯೂಟರಿನವರ ಕೆಲಸ, ಇದರಲ್ಲಿ ಭೌತಶಾಸ್ತ್ರ ಎಲ್ಲಿದೆ?" ಎಂದರು. ನಾನು ಬಾಯಿ ತೆರೆದೊಡನೆ, "ಕನ್ನಡದ ಮೇಷ್ಟ್ರಿಗೆ ಇದೇಕೆ ಸ್ವಾಮಿ?" ಎಂಬ ಮಾತೂ ಬಂತು. ಎರಡಕ್ಕೂ ಉತ್ತರ ಒಂದೇ ಎಂದು ನನ್ನ ನಂಬಿಕೆ.

ಹುಳು ತಿಂದ ಓಲೆಗರಿಯನ್ನು ಓದುವ ವಿದ್ವಾಂಸನು ಉಳಿದ ಅಕ್ಷರಗಳ ಬಲದಿಂದ ಅಳಿದ ಪಾಠವನ್ನು ಊಹಿಸುತ್ತಾನೆ. ಯಂತ್ರಕ್ಕೂ ಇಂಥದು ಸಾಧ್ಯವೆಂದು ಹಾಪ್‌ಫೀಲ್ಡರು ೧೯೮೨ರಲ್ಲಿ ತೋರಿದರು. ದಾರಿ ದೊರೆತದ್ದು ಅಯಸ್ಕಾಂತದಿಂದ. ಅದರೊಳಗಿನ ಪರಮಾಣುಗಳು ನೆರೆಯವುಗಳ ಪ್ರಭಾವಕ್ಕೆ ಒಳಗಾಗಿ ಅತ್ತಿತ್ತ ತಿರುಗುತ್ತ, ಕೊನೆಗೆ ಶಕ್ತಿ ಕಡಿಮೆಯಾದ ನೆಲೆಯಲ್ಲಿ ನಿಲ್ಲುತ್ತವೆ. ಒಂದೊಂದು ನೆನಪನ್ನೂ ಅಂಥ ಒಂದು ಕಣಿವೆಯಾಗಿ ಮಾಡಿದರೆ, ಮುಕ್ಕಾದ ಚಿತ್ರವನ್ನು ಕೊಟ್ಟಾಗ ಯಂತ್ರವು ಇಳಿಜಾರಿನಲ್ಲಿ ಜಾರಿ ಹತ್ತಿರದ ಕಣಿವೆಯನ್ನು, ಎಂದರೆ ಪೂರ್ಣ ಚಿತ್ರವನ್ನು, ಸೇರುತ್ತದೆ. ಇದು ಬರಿಯ ಉಪಮೆಯಲ್ಲ. ಇಂಥ ದೊಡ್ಡ ಜಾಲವೊಂದು ನೂರು ಘಟಕಗಳಿಗೆ ಸುಮಾರು ೧೪ರಂತೆ ನೆನಪುಗಳನ್ನು ಹೊರಬಲ್ಲುದೆಂದು ೧೯೮೫ರಲ್ಲಿ ಲೆಕ್ಕ ಹಾಕಿಕೊಟ್ಟದ್ದೂ ಅಯಸ್ಕಾಂತಗಳ ಗಣಿತವೇ.

ಹಿಂಟನ್ ಮೊದಲು ಓದಿದ್ದು ಮನಶ್ಶಾಸ್ತ್ರ. ಆದರೂ ಅವರು ಸಂಗಡಿಗರೊಡನೆ ೧೯೮೫ರಲ್ಲಿ ಪ್ರಕಟಿಸಿದ ಕಲಿಯುವ ಯಂತ್ರಕ್ಕೆ ಇಟ್ಟ ಹೆಸರು, ೧೯೦೬ರಲ್ಲಿಯೇ ತೀರಿಕೊಂಡ ಲುಡ್ವಿಗ್ ಬೋಲ್ಟ್ಸ್‌ಮನ್ನರದು. ಅನಿಲದ ಅಣುಗಳನ್ನು ಕುರಿತು ಅವರು ಕಂಡ ಸಂಭವನೀಯತೆಯ ನಿಯಮವೇ ಅದರ ಜೀವಾಳ.

ಇಂದಿನ ಮಾತನಾಡುವ ಯಂತ್ರಗಳು ಇವೇ ಅಲ್ಲ, ಒಪ್ಪಿದೆ. ಗಣಿತಜ್ಞರ, ಎಂಜಿನಿಯರರ ದುಡಿಮೆ ಅವುಗಳ ಹಿಂದೆ ಅಪಾರವಾಗಿದೆ. ಆದರೆ ಮೊಮ್ಮಗನ ಮುಖ ಬೇರೆಯಾಯಿತೆಂದು ವಂಶವೃಕ್ಷದಿಂದ ಅಜ್ಜನ ಹೆಸರನ್ನು ಹೊಡೆದುಹಾಕುವುದುಂಟೆ? ಚಿತ್ರ ಬರೆಯುವ ಎಷ್ಟೋ ಯಂತ್ರಗಳಂತೂ, ನೀರಿನಲ್ಲಿ ಮಸಿ ಹರಡುವಂಥ ಕ್ರಿಯೆಯನ್ನು ಹಿಮ್ಮೊಗವಾಗಿ ನಡೆಸಿಯೇ ಚಿತ್ರ ಮೂಡಿಸುತ್ತವೆ. ೨೦೧೫ರ ಆ ಉಪಾಯವೂ ಉಷ್ಣಶಾಸ್ತ್ರದ ಕಾಣಿಕೆಯೇ.

ಬೇಲಿ ಹಾಕಿದವರು ನಾವು. ವಿಚಾರಗಳು ಅದನ್ನು ಎಂದೂ ಲೆಕ್ಕಿಸಿಲ್ಲ. ನಮ್ಮಲ್ಲಿ ವಿಜ್ಞಾನದ ಹುಡುಗ ಕನ್ನಡವನ್ನು ಅಂಕಕ್ಕಾಗಿ ಓದುತ್ತಾನೆ. ಕನ್ನಡದ ಹುಡುಗ ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ವಿಜ್ಞಾನದ ಹೆಸರೆತ್ತುವುದಿಲ್ಲ. ಅತ್ತ ಯಂತ್ರವೋ ಈಗಾಗಲೇ ಕನ್ನಡ ಬರೆಯತೊಡಗಿದೆ. ಅದರ ತಪ್ಪು ಒಪ್ಪುಗಳನ್ನು ಹೇಳಬೇಕಾದವರು ನಾವು. ಅದು ಕಲಿಯುವ ಬಗೆಯನ್ನೇ ಅರಿಯದೆ ಏನು ಹೇಳೋಣ?

ಭೌತಶಾಸ್ತ್ರದ ಮಿತ್ರರು ಒಂದು ದಿನ ನನ್ನ ಬಿ.ಎ. ತರಗತಿಗೆ ಬಂದು ಅಯಸ್ಕಾಂತದ ವಿಷಯವನ್ನು ಕನ್ನಡದಲ್ಲಿ ಹೇಳಲಿ. ಹುಳು ತಿಂದ ಓಲೆಯೊಂದನ್ನು ತಂದಿಡುವ ಹೊಣೆ ನನ್ನದು.